ಚರ್ಮದ ಗಂಟನ್ನು ಗಮನಿಸುವುದು, ತೆಗೆಸುವುದು, ಪರೀಕ್ಷೆಗೆ ಕಳುಹಿಸುವುದು ಹೇಗೆ?

ತಲೆ ಬಾಚುವಾಗ ಬಾಚಣಿಗೆಯ ಹಲ್ಲು ದಿನವೂ ಒಂದೇ ಜಾಗದಲ್ಲಿ ತಡೆಯುತ್ತದೆ. ಬೆರಳಿಟ್ಟು ನೋಡಿದರೆ ಚರ್ಮದಡಿಯಲ್ಲಿ ಗೋಲಿಯಂಥ ಗಂಟು. ನೋವಿಲ್ಲ, ತುರಿಕೆಯೂ ಇಲ್ಲ. ಇಂಥ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ ಎಂಬುದು ನಿಜ. ಆದರೆ ತೀರಾ ಅಪರೂಪಕ್ಕೆ, ಕೂದಲನ್ನು ಹುಟ್ಟಿಸುವ ರೋಮಕೂಪದ ಜೀವಕೋಶಗಳೇ ಕ್ಯಾನ್ಸರಾಗಿ ಬೆಳೆಯುತ್ತವೆ. ಹೊರಗಿನಿಂದ ಅದು ಸಾಮಾನ್ಯ ಗಂಟಿನಂತೆಯೇ ಕಾಣುವುದರಿಂದ, ನುರಿತ ವೈದ್ಯರೂ ಕಣ್ಣಳತೆಯಲ್ಲಿ ಖಚಿತವಾಗಿ ಹೇಳಲಾರರು.

ರೋಮಕೂಪದ ಯಾವ ಭಾಗದಲ್ಲಿ ಹುಟ್ಟಿತೆಂಬುದರ ಮೇಲೆ ಈ ಗಡ್ಡೆಗಳಿಗೆ ಹೆಸರು ಬಂದಿದೆ. ಬುಡದಲ್ಲಿ ಕೂದಲನ್ನು ರೂಪಿಸುವ ಕೋಶಗಳಿಂದ ಬರುವುದು ಪೈಲೋಮೇಟ್ರಿಕ್ಸ್ ಕಾರ್ಸಿನೋಮ (ಕಾರ್ಸಿನೋಮ ಎಂದರೆ ಒಂದು ಬಗೆಯ ಕ್ಯಾನ್ಸರ್). ಕೂದಲ ಬುಡವನ್ನು ಸುತ್ತುವರಿದ ಹೊರಕವಚದಿಂದ ಬರುವುದು ಟ್ರೈಕಿಲೆಮಲ್ ಕಾರ್ಸಿನೋಮ. ಮೊದಲನೆಯದರ ನಿರುಪದ್ರವಿ ರೂಪವನ್ನು ಫ್ರಾನ್ಸಿನ ವೈದ್ಯರು 1880ರಲ್ಲೇ ವಿವರಿಸಿದ್ದರೂ, ಅದು ಕೂದಲನ್ನು ರೂಪಿಸುವ ಕೋಶಗಳಿಂದಲೇ ಹುಟ್ಟುತ್ತದೆಂದು ತಿಳಿಸಿ ಈಗಿನ ಹೆಸರು ಕೊಟ್ಟದ್ದು 1961ರಲ್ಲಿ. ಅದರ ಮಾರಕ ರೂಪವನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ್ದು 1980ರಲ್ಲಿ.

ಮೊದಲ ಹೆಜ್ಜೆ, ನೋಡುವುದು. ಒಳ್ಳೆಯ ಬೆಳಕಿನಲ್ಲಿ ಕುಳಿತು, ಮನೆಯವರಲ್ಲೊಬ್ಬರಿಗೆ ಕೂದಲನ್ನು ಸಾಲು ಸಾಲಾಗಿ ಬಿಡಿಸಿ ನೆತ್ತಿ, ಕಿವಿಯ ಹಿಂಭಾಗ, ಕುತ್ತಿಗೆಗಳನ್ನು ನೋಡಲು ಹೇಳಿ. ಪೈಲೋಮೇಟ್ರಿಕ್ಸ್ ಕಾರ್ಸಿನೋಮ ಹೆಚ್ಚಾಗಿ ತಲೆ ಮತ್ತು ಕುತ್ತಿಗೆಯಲ್ಲಿ, ನಡುವಯಸ್ಸು ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಟ್ರೈಕಿಲೆಮಲ್ ಬಗೆಯದು ಹಿರಿಯರಲ್ಲಿ, ಬಿಸಿಲಿಗೆ ಒಡ್ಡಿಕೊಂಡ ಮುಖ, ನೆತ್ತಿ, ಕಿವಿಗಳ ಮೇಲೆ. ಗಂಟಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ದಿನಾಂಕ ಬರೆದಿಡಿ, ಏಕೆಂದರೆ ‘ಬೆಳೆದ ಹಾಗಿದೆ’ ಎಂಬ ಮಾತಿಗಿಂತ ಎರಡು ಚಿತ್ರಗಳು ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ದೊಡ್ಡದಾದ, ಹುಣ್ಣಾಗಿ ರಕ್ತ ಜಿನುಗುವ, ಅಲುಗಿಸಿದರೆ ಜರುಗದೆ ಕೆಳಗಿನ ಪದರಕ್ಕೆ ಅಂಟಿಕೊಂಡಂತಿರುವ ಗಂಟನ್ನು ಕಾದು ನೋಡಬಾರದು. ಒಮ್ಮೆ ತೆಗೆಸಿದ ಜಾಗದಲ್ಲೇ ಮತ್ತೆ ಬೆಳೆದದ್ದಂತೂ ಇನ್ನೂ ಗಂಭೀರ. ಹಿಸುಕುವುದು, ಚುಚ್ಚುವುದು, ಸುಡುವುದು ಯಾವುದೂ ಬೇಡ. ಹಾಗೆ ಮಾಡಿದರೆ ಪರೀಕ್ಷೆಗೆ ಬೇಕಾದ ಅಂಗಾಂಶವೇ ಕೆಡುತ್ತದೆ.

ಎರಡನೆಯ ಹೆಜ್ಜೆ ಬಯಾಪ್ಸಿ, ಅಂದರೆ ಅಂಗಾಂಶದ ತುಂಡನ್ನು ತೆಗೆದು ಪರೀಕ್ಷಿಸುವುದು. ಮೇಲ್ಮೈಯನ್ನಷ್ಟೇ ಹೆರೆದು ತೆಗೆದ ಚೂರು ಇಲ್ಲಿ ಸಾಲದು. ಸೂಕ್ಷ್ಮದರ್ಶಕದಡಿಯಲ್ಲಿ ಪೈಲೋಮೇಟ್ರಿಕ್ಸ್ ಗಡ್ಡೆಯ ಸ್ಲೈಡನ್ನು ಇಟ್ಟರೆ, ಕೋಶಕೇಂದ್ರ ಅಳಿಸಿಹೋಗಿ ಅದರ ಜಾಗವಷ್ಟೇ ಖಾಲಿ ಉಳಿದ, ಮಸುಕಾದ ಗುಲಾಬಿ ಬಣ್ಣದ ಕೋಶಗಳ ಗುಂಪು ಕಾಣುತ್ತದೆ, ಇವನ್ನು ನೆರಳುಕೋಶಗಳೆನ್ನುತ್ತಾರೆ. ನಿರುಪದ್ರವಿ ಗಡ್ಡೆಯಲ್ಲೂ ಮಾರಕ ಗಡ್ಡೆಯಲ್ಲೂ ಅವು ಇರುತ್ತವೆ. ಹಾಗಾಗಿ ತಜ್ಞರು ಗಡ್ಡೆಯ ಅಂಚನ್ನು ಹುಡುಕುತ್ತಾರೆ: ಅದು ದುಂಡಗೆ ನಿಂತಿದೆಯೇ, ಇಲ್ಲವೇ ಬೇರಿನಂತೆ ಕೊಬ್ಬಿನ ಪದರಕ್ಕೆ, ನರಕ್ಕೆ, ರಕ್ತನಾಳಕ್ಕೆ ನುಗ್ಗಿದೆಯೇ? ಅಂಚೇ ಇಲ್ಲದ ಚೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಆದ್ದರಿಂದ ಸಾಧ್ಯವಿದ್ದಲ್ಲಿ ಇಡೀ ಗಂಟನ್ನು, ಇಲ್ಲವಾದರೆ ಆಳದವರೆಗಿನ ತುಂಡನ್ನು ತೆಗೆಯಬೇಕಾಗುತ್ತದೆ.

ತೆಗೆದ ಗಂಟು ಎಷ್ಟೇ ಚಿಕ್ಕದಾಗಿರಲಿ, ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವ ತುಂಬಿದ ಡಬ್ಬಿಯಲ್ಲಿ, ಅಂಗಾಂಶ ಪರೀಕ್ಷಿಸಿ ಕಾಯಿಲೆ ಗುರುತಿಸುವ ಪೆಥಾಲಜಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ‘ಬರೀ ಕೊಬ್ಬಿನ ಗಂಟು’ ಎಂದು ಎಸೆದುಬಿಟ್ಟರೆ, ಅದೇ ಜಾಗದಲ್ಲಿ ಮತ್ತೆ ಗಂಟು ಎದ್ದಾಗ ಮೊದಲನೆಯದು ಏನಾಗಿತ್ತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನವೇ ‘ಇದನ್ನು ಪರೀಕ್ಷೆಗೆ ಕಳುಹಿಸುತ್ತೀರಲ್ಲವೇ?’ ಎಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ವರದಿ ಬಂದಾಗ ಗಡ್ಡೆಯ ಹೆಸರಿನ ಜೊತೆಗೆ, ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೇ ಎಂಬ ಸಾಲನ್ನು ಓದಿಸಿಕೊಳ್ಳಿ. ಇಷ್ಟು ವಿರಳ ಕಾಯಿಲೆಯಲ್ಲಿ ಸ್ಲೈಡುಗಳನ್ನು ಚರ್ಮದ ಪೆಥಾಲಜಿಯಲ್ಲಿ ಪಳಗಿದ ಇನ್ನೊಬ್ಬ ತಜ್ಞರಿಗೆ ತೋರಿಸುವುದು ವಿವೇಕದ ಕೆಲಸ.

ಚಿಕಿತ್ಸೆಯ ಮುಖ್ಯ ದಾರಿ ಶಸ್ತ್ರಚಿಕಿತ್ಸೆ. ಗಡ್ಡೆಯ ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ಸೇರಿಸಿ ಅಗಲವಾಗಿ ಕತ್ತರಿಸುತ್ತಾರೆ. ಮುಖದಂಥ ಕಡೆ, ಅಮೆರಿಕದ ಶಸ್ತ್ರವೈದ್ಯ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ, ಒಂದೊಂದೇ ಪದರ ತೆಗೆದು ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಂಚು ಶುದ್ಧವಾಗುವವರೆಗೆ ಮುಂದುವರಿಯುವುದೂ ಉಂಟು. ಅಗತ್ಯ ಕಂಡರೆ, ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ಶ್ವಾಸಕೋಶವನ್ನೂ ಸ್ಕ್ಯಾನ್ ಮಾಡಿಸುತ್ತಾರೆ. ಕೆಲವರಿಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ.

ಗಾಯ ಮಾಗಿದ ನಂತರವೂ ಗಡ್ಡೆ ಮರಳಬಹುದಾದ್ದರಿಂದ, ವೈದ್ಯರು ಹೇಳಿದ ದಿನಗಳಂದು ತಪ್ಪದೆ ಹೋಗಬೇಕು. ನಡುವಿನ ದಿನಗಳಲ್ಲಿ ಬೆರಳ ತುದಿಯಿಂದ ಕಲೆಯ ಉದ್ದಕ್ಕೂ ಸವರಿ, ನಂತರ ಕಿವಿಯ ಹಿಂದೆ, ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿಗಳಲ್ಲಿ ಮೆಲ್ಲಗೆ ಒತ್ತಿ ನೋಡಿಕೊಳ್ಳಿ. ಹೊಸದಾಗಿ ಏನಾದರೂ ಗಟ್ಟಿಯಾಗಿ ಕೈಗೆ ಸಿಕ್ಕರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ, ಹಳೆಯ ವರದಿಯನ್ನು ಕೈಯಲ್ಲಿ ಹಿಡಿದು ಹೋಗಿ.