ಎಂಜಲಲ್ಲ, ಕಫ ಬೇಕು

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್. ರಕ್ತ, ಮೂತ್ರ, ಟಿಬಿ ಪತ್ತೆಗೆ ಕಫ ಎಲ್ಲವನ್ನೂ ನೋಡುತ್ತೇನೆ. ಆದರೆ ಸುತ್ತಲ ಊರಿನವರಿಗೆ ನಾನು 'ಕಫದ ಮೇಡಂ'. ಮದುವೆ ಮನೆಯಲ್ಲೂ ಹಾಗೇ ಪರಿಚಯ ಮಾಡಿಕೊಡುತ್ತಾರೆ. ಪಂಕ್ತಿಯಲ್ಲಿ ಪಕ್ಕದವರು ಎಲೆ ಸಮೇತ ಒಂದು ಗೇಣು ಸರಿದು ಕೂತದ್ದೂ ಇದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನಗೆ ಸ್ಲೈಡ್ ಮೇಲೆಯೇ ಕಣ್ಣು. ಬಣ್ಣ ಚೆನ್ನಾಗಿ ಕೂರಬೇಕು, ಲೆಕ್ಕ ತಪ್ಪಬಾರದು, ರಿಜಿಸ್ಟರ್‌ನಲ್ಲಿ ಚಿತ್ತು ಇರಬಾರದು. ಡಬ್ಬಿಯಲ್ಲಿ ಏನು ಬಂದಿದೆ ಅನ್ನುವುದು ಕೊಟ್ಟವರಿಗೆ ಬಿಟ್ಟದ್ದು ಅಂದುಕೊಂಡಿದ್ದೆ. ಒಬ್ಬ ಹೆಂಗಸು ಅದನ್ನು ಬಿಡಿಸಿದರು.

ಆಲೆಮನೆಯಲ್ಲಿ ಒಲೆ ಉರಿಸುವ ಕೆಲಸ ಅವರದು. ವಯಸ್ಸು ನಲವತ್ತೈದು ಇರಬಹುದು. ಒಣಗಿದ ಕಬ್ಬಿನ ಸಿಪ್ಪೆಯನ್ನು ಕೊಪ್ಪರಿಗೆ ಕೆಳಗೆ ತಳ್ಳುತ್ತಾ ಇಡೀ ದಿನ ಹೊಗೆಯಲ್ಲೇ ಕೂರುವವರು. ಎರಡು ತಿಂಗಳಿಂದ ಕೆಮ್ಮು. "ಒಲೆ ಮುಂದೆ ಕುಂತೋರ್ಗೆ ಕೆಮ್ಮು ಬರ್ದೆ ಇನ್ನೇನ್ ಬತ್ತದೆ ಕಣವ್ವ" ಅಂದಿದ್ದರು. ಆ ದಿನ ಒಂದು ಡಬ್ಬಿ, ಮಾರನೇ ದಿನ ಬೆಳಿಗ್ಗೆ ಒಂದು ಡಬ್ಬಿ ಕೊಟ್ಟರು. ಎರಡರಲ್ಲೂ ಏನೂ ಕಾಣಲಿಲ್ಲ. ನೆಗೆಟಿವ್ ಅಂತ ಬರೆದೆ. ಕೆಮ್ಮಿನ ಸಿರಪ್ ತಗೊಂಡು ಹೋದರು.

ಮೂರು ತಿಂಗಳಾದ ಮೇಲೆ ಮೈಸೂರಿನ ಆಸ್ಪತ್ರೆಯೊಂದರ ಫೈಲ್ ಹಿಡಿದು ಬಂದರು. ಟಿಬಿ, 3 ಪ್ಲಸ್. ಅಂದರೆ ಮೈಕ್ರೋಸ್ಕೋಪ್‌ನ ಒಂದೊಂದು ನೋಟಕ್ಕೂ ಹತ್ತಕ್ಕಿಂತ ಜಾಸ್ತಿ ರೋಗಾಣು. ಸೀರೆ ಸುತ್ತಿದ ಕಡ್ಡಿಯ ಹಾಗೆ ಆಗಿದ್ದರು. ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗ.

ಅವತ್ತು ಎಲ್ಲರೂ ಹೋದ ಮೇಲೆ ಹಳೇ ರಿಜಿಸ್ಟರ್ ತೆಗೆದೆ. ಟಿಬಿ ಲ್ಯಾಬ್‌ನ ರಿಜಿಸ್ಟರ್‌ನಲ್ಲಿ ಮಾದರಿ ಕಣ್ಣಿಗೆ ಹೇಗೆ ಕಂಡಿತು ಅಂತ ಬರೆಯುವ ಒಂದು ಕಾಲಂ ಇದೆ. ಗಟ್ಟಿ ಲೋಳೆ, ಕೀವು ಇದ್ದರೆ 'ಎಂ', ರಕ್ತ ಇದ್ದರೆ 'ಬಿ', ಬರೀ ಎಂಜಲಾದರೆ 'ಎಸ್'. ಅವರ ಹೆಸರಿನ ಮುಂದೆ ಎರಡೂ ಸಲ 'ಎಸ್'. ಅಕ್ಷರ ನನ್ನದೇ. ಎಂಜಲು ಅಂತ ಕೈಯಾರೆ ಬರೆದು, ಆ ಎಂಜಲನ್ನೇ ಪರೀಕ್ಷೆ ಮಾಡಿ, ಕಾಯಿಲೆ ಇಲ್ಲ ಅಂತ ಕಳಿಸಿದ್ದೆ.

ಪುಟ ತಿರುವುತ್ತಾ ಹೋದೆ. 'ಎಸ್' ಗಂಡಸರಿಗೂ ಇತ್ತು. ಹೆಂಗಸರ ಹೆಸರಿನ ಮುಂದೆ ಸಾಲುಸಾಲಾಗಿ ಇತ್ತು.

ಎಂಜಲಾದರೆ ಏನಂತೆ, ಅದೂ ಬಾಯಿಂದಲೇ ಬರುವುದು ಅಲ್ವಾ ಅಂತ ನಮ್ಮ ಅಟೆಂಡರ್ ಅಣ್ಣ ಒಮ್ಮೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಟಿಬಿ ರೋಗಾಣು ಇರುವುದು ಶ್ವಾಸಕೋಶದೊಳಗೆ. ಅಲ್ಲಿಂದ ಮೇಲೆ ಬರುವುದು ಕಫದಲ್ಲಿ. ಎಂಜಲು ಬಾಯಲ್ಲೇ ಊರುವ ನೀರು. ಅದರಲ್ಲಿ ರೋಗಾಣು ಸಿಗಬಾರದು ಅಂತೇನಿಲ್ಲ, ಸಿಕ್ಕರೆ ಅದೃಷ್ಟ.

ಮೈಕ್ರೋಸ್ಕೋಪ್‌ಗೂ ಒಂದು ಮಿತಿ ಇದೆ. ತೆಂಗಿನ ಕಡ್ಡಿಯ ತುದಿಯಲ್ಲಿ ಕಫದ ಗಟ್ಟಿ ಭಾಗ ಆರಿಸಿ, ಸ್ಲೈಡ್ ಮೇಲೆ 3 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲಕ್ಕೆ ಹಚ್ಚುತ್ತೇವೆ. ಕಾರ್ಬಾಲ್ ಫುಕ್ಸಿನ್ ಅನ್ನುವ ಕೆಂಪು ಬಣ್ಣ ಸುರಿದು ಹಬೆ ಏಳುವವರೆಗೆ ಕೆಳಗಿನಿಂದ ಕಾಯಿಸುತ್ತೇವೆ. ಆಮೇಲೆ ಆ್ಯಸಿಡ್. ಬೇರೆಲ್ಲದರ ಕೆಂಪು ಬಣ್ಣ ಆ್ಯಸಿಡ್‌ಗೆ ತೊಳೆದುಹೋಗುತ್ತದೆ. ಟಿಬಿ ರೋಗಾಣುವಿನ ಮೈಮೇಲೆ ಮೇಣದಂಥ ಪದರ ಇರುವುದರಿಂದ ಅದು ಬಣ್ಣ ಬಿಡುವುದಿಲ್ಲ. ಕೊನೆಗೆ ಮೆಥಿಲೀನ್ ಬ್ಲೂ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಈ ರೋಗಾಣುವನ್ನು ಕಂಡುಹಿಡಿದ ಸುದ್ದಿ ಹೇಳಿದರು. ಅದಾಗಿ ಒಂದೆರಡು ವರ್ಷದೊಳಗೇ ಬಣ್ಣ ಹಾಕುವ ಈ ಕ್ರಮ ಬಂತು. ನಾವಿನ್ನೂ ಅದನ್ನೇ ಮಾಡುತ್ತಿದ್ದೇವೆ. ನನಗೆ ಅದರಲ್ಲಿ ಬೇಜಾರೇನಿಲ್ಲ, ಕೈಗೆ ಒಗ್ಗಿದ ಕೆಲಸ.

ಆದರೆ ಹೀಗೆ ಕಣ್ಣಿಗೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣು ಇರಬೇಕು. ನೆಗೆಟಿವ್ ಅಂತ ಬರೆಯುವ ಮೊದಲು ನಾವು 100 ಕಡೆ ನೋಡುತ್ತೇವೆ. ಒಂದು ಸಲ ಸುಮ್ನೆ ಲೆಕ್ಕ ಹಾಕಿದೆ. ಆ 100 ಕಡೆ ಸೇರಿಸಿದರೂ ಹಚ್ಚಿದ ಜಾಗದ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ! ವಿ.ಸಿ. ನಾಲೆಯಲ್ಲಿ ಬಿದ್ದ ಮೂಗುಬಟ್ಟನ್ನು ಚೊಂಬಿನಲ್ಲಿ ನೀರು ಮೊಗೆದು ಹುಡುಕಿದ ಹಾಗೆ. ಅದರಲ್ಲೂ ಎಂಜಲು ಕೊಟ್ಟರೆ, ಮೂಗುಬಟ್ಟು ಬೀಳದ ನಾಲೆಯಲ್ಲೇ ಹುಡುಕಾಟ.

ಆ ವರ್ಷ ಮೈಸೂರಿನಲ್ಲಿ ಒಂದು ತರಬೇತಿ ಇತ್ತು. ಕೆ.ಆರ್.ಎಸ್. ರಸ್ತೆಯಲ್ಲಿ ಹೋಗುವಾಗ ಪಿ.ಕೆ. ಸ್ಯಾನಟೋರಿಯಂ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕ್ಷಯದ ಆಸ್ಪತ್ರೆ. ಆಕೆಯನ್ನು ಬಲಿ ತಗೊಂಡದ್ದು ಇದೇ ಕ್ಷಯ. ಆಗ ಔಷಧಿಯೇ ಇರಲಿಲ್ಲ. ಅರಮನೆಯವರಿಗೂ ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ ಅಷ್ಟೇ ಗತಿ. ಈಗ ಆರು ತಿಂಗಳ ಮಾತ್ರೆ ಇದೆ, ಪುಕ್ಕಟೆ ಕೊಡುತ್ತಾರೆ, ನಾವು ಎಂಜಲು ನೋಡಿ ವಾಪಸ್ ಕಳಿಸುತ್ತಿದ್ದೇವೆ ಅನ್ನುವುದು ಬಸ್ಸಿನಲ್ಲಿ ತಲೆಗೆ ಹೊಕ್ಕಿತು. ಇಡೀ ದಿನ ಬಿಡಲಿಲ್ಲ.

ತರಬೇತಿಯಲ್ಲಿ ಒಬ್ಬ ಡಾಕ್ಟರ್ ಒಂದು ಸಂಶೋಧನೆಯ ವಿಷಯ ಹೇಳಿದರು. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಮಾಡಿದ್ದು, 2007ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಟಿಬಿ ಇರಬಹುದು ಅಂತ ಬಂದ ಸುಮಾರು 3,000 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮಾಮೂಲಿನಂತೆ ಡಬ್ಬಿ ಕೊಟ್ಟರು. ಇನ್ನೊಂದು ಪಾಲಿಗೆ ಡಬ್ಬಿ ಕೊಡುವ ಮೊದಲು ಕಫ ಹೇಗೆ ತೆಗೆಯಬೇಕು ಅಂತ ಸ್ವಲ್ಪ ಹೊತ್ತು ತಿಳಿಸಿಕೊಟ್ಟರು. ಅಷ್ಟೇ ವ್ಯತ್ಯಾಸ. ಗಂಡಸರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಹೆಂಗಸರಲ್ಲಿ ಮಾತ್ರ, ತಿಳಿಸಿಕೊಟ್ಟ ಕಡೆ ಪಾಸಿಟಿವ್ ಬಂದವರು ಒಂದೂವರೆ ಪಟ್ಟಿಗಿಂತ ಜಾಸ್ತಿ. ಹೊಸ ಮೆಷಿನ್ ಇಲ್ಲ, ಹೊಸ ಔಷಧಿ ಇಲ್ಲ. ಬರೀ ಮಾತು.

ನನ್ನ ರಿಜಿಸ್ಟರ್‌ನ 'ಎಸ್' ಸಾಲುಗಳಿಗೆ ಕಾರಣ ಅಲ್ಲಿ ಸಿಕ್ಕಿತು. ನಮ್ಮ ಕಡೆ ಹೆಣ್ಣುಮಕ್ಕಳು ಕ್ಯಾಕರಿಸಿ ಉಗಿಯುವ ಹಾಗಿಲ್ಲ. ಗಂಡಸು ಬಸ್ಸಿನ ಕಿಟಕಿಯಿಂದ ಉಗಿದರೂ ನಡೆಯುತ್ತದೆ. ಹೆಂಗಸು ಕಫ ಬಂದರೆ ಸೆರಗು ಮುಚ್ಚಿ ನುಂಗಿಕೊಳ್ಳುತ್ತಾಳೆ. ಅಂಥವರಿಗೆ ಓಪಿಡಿ ಸಾಲಿನ ಪಕ್ಕದಲ್ಲೇ ಡಬ್ಬಿ ಕೊಟ್ಟು, "ಹೋಗಿ ಉಗಿದು ತಗೊಂಡ್ಬನ್ನಿ" ಅನ್ನುತ್ತಿದ್ದೆ.

ವಾಪಸ್ ಬಂದು ಮೊದಲು ಮಾಡಿದ್ದು ತಪ್ಪು ಕೆಲಸ. ಹುಮ್ಮಸ್ಸಿನಲ್ಲಿ ಎಂಜಲಿನ ಡಬ್ಬಿಗಳನ್ನೆಲ್ಲ ತಿರಸ್ಕರಿಸತೊಡಗಿದೆ. "ಇದು ಆಗಲ್ಲ, ನಾಳೆ ಬನ್ನಿ." ಬಹಳ ಜನ ಬರಲೇ ಇಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ದನಕ್ಕೆ ಮೇವು ಹಾಕುವವರಿಲ್ಲ. ನಾಳೆ ಅನ್ನುವುದು ನನಗೆ ಸಲೀಸು. ಎರಡು ವಾರಕ್ಕೆ ಬುದ್ಧಿ ಬಂತು. ಎಂಜಲೇ ಬಂದರೂ ಪರೀಕ್ಷೆ ಮಾಡಬೇಕು, ಆ ದಿನವೇ ಇನ್ನೊಂದು ಸಲ ಕೊಡಿಸಿಕೊಳ್ಳಬೇಕು.

ಜಾಗ ಬದಲಾಯಿಸಿದೆವು. ಆಸ್ಪತ್ರೆಯ ಹಿಂದೆ ನೀರಿನ ಟ್ಯಾಂಕ್ ಪಕ್ಕ ಒಂದು ಹೊಂಗೆ ಮರ ಇದೆ. ಬಯಲಲ್ಲಿ ಕೆಮ್ಮಿದರೆ ಗಾಳಿಗೆ ಚದುರಿಹೋಗುತ್ತದೆ. ಕೋಣೆಯೊಳಗೆ ಕೆಮ್ಮಿಸಿದರೆ ಮುಂದಿನವರಿಗೆ ನಾವೇ ಕಾಯಿಲೆ ಹಂಚಿದಂತೆ. ಮರೆಗೆ ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸ್ ಕಟ್ಟಿದೆವು. ಮುಖ ಇರುವ ಕಡೆಯನ್ನು ಆಚೆಗೆ ತಿರುಗಿಸಿದೆವು. ಒಳಗಿನವರಿಗೆ ನಗು ಬಂದರೆ ಕಷ್ಟ.

ಆಮೇಲೆ ಮಾತು. ಮೊದಲು ಬಾಯಿ ಮುಕ್ಕಳಿಸಿಸುತ್ತೇನೆ. ತಿಂದದ್ದು ಕಫದಲ್ಲಿ ಸೇರಬಾರದು. ಆಮೇಲೆ ಉಸಿರನ್ನು ಪೂರ್ತಿ ಎಳೆದು, ಕ್ಷಣ ಹಿಡಿದು, ನಿಧಾನ ಬಿಡಬೇಕು. ಎರಡು ಮೂರು ಸಲ ಹೀಗೆ. ಕೊನೆಯ ಸಲ ಎಳೆದ ಉಸಿರಿನಲ್ಲಿ ಹೊಟ್ಟೆ ಬಿಗಿ ಹಿಡಿದು ಜೋರಾಗಿ ಕೆಮ್ಮಬೇಕು. ಡಬ್ಬಿ ತುಟಿಗೆ ಹತ್ತಿರ ಇರಬೇಕು. 2 ಮಿಲಿಲೀಟರ್ ಆದರೂ ಬೇಕು. "ಗಂಟ್ಲಿಂದಲ್ಲ, ಎದೆ ಬುಡದಿಂದ" ಅನ್ನುತ್ತೇನೆ. ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ನಾನೇ ಕೆಮ್ಮಿ ತೋರಿಸತೊಡಗಿದೆ. "ಅಯ್ಯೋ, ನಿಂಗೇ ಜಾಸ್ತಿ ಆಗದೆ ಕಣ್ ಮಗ" ಅಂದರು ಒಬ್ಬ ಅಜ್ಜಿ. ನಕ್ಕರು, ನಗುವಿನಲ್ಲೇ ಕೆಮ್ಮು ಬಂತು, ಕೆಮ್ಮಿನಲ್ಲಿ ಕಫ ಬಂತು. ಆ ದಿನ ಅವರದು ಒಳ್ಳೇ 'ಎಂ'.

ಬೆಳಗಿನ ಕಫ ಎಲ್ಲಕ್ಕಿಂತ ಒಳ್ಳೆಯದು, ರಾತ್ರಿಯೆಲ್ಲ ಎದೆಯಲ್ಲಿ ಕೂಡಿಕೊಂಡಿರುತ್ತದೆ. ಅದಕ್ಕೇ ಒಂದು ಡಬ್ಬಿ ಮನೆಗೆ ಕೊಡುವುದು. ಆ ಡಬ್ಬಿ ಪಡುವ ಪಾಡು ಕೇಳಬೇಡಿ. ಅತ್ತೆಗೆ ಗೊತ್ತಾಗಬಾರದು ಅಂತ ಕೊಟ್ಟಿಗೆಯಲ್ಲಿ ಬಚ್ಚಿಟ್ಟವರಿದ್ದಾರೆ. ಮುದ್ದೆ ಬುತ್ತಿಯ ಜೊತೆ ಒಂದೇ ಚೀಲದಲ್ಲಿ ತಂದವರಿದ್ದಾರೆ. ಒಬ್ಬ ಯಜಮಾನರಂತೂ ಡಬ್ಬಿಯನ್ನು ಸೋಪು ಹಾಕಿ ತೊಳೆದು ತಂದುಕೊಟ್ಟರು. "ಗಲೀಜಾಗಿತ್ತು, ನಿಮ್ ಕೈಗೆ ಹೆಂಗ್ ಕೊಡದು?"

ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಗಳಿಗೆ ಉತ್ತರ ಭಾರತದಿಂದ ಕೆಲಸಗಾರರು ಬರುತ್ತಾರೆ. ಅವರಿಗಾಗಿ 'ಬಲ್ಗಮ್', ಅಂದರೆ ಕಫ, ಅನ್ನುವ ಒಂದು ಹಿಂದಿ ಪದ ಕಲಿತೆ. ಉಳಿದದ್ದೆಲ್ಲ ಅಭಿನಯ.

ನಮ್ಮ ರಾಜ್ಯದಲ್ಲೇ ಇನ್ನೂ ಹಿಂದೆ ಇಂಥದ್ದೇ ಒಂದು ಪಾಠ ಸಿಕ್ಕಿತ್ತು. 1960ರ ಸುಮಾರಿಗೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದರು. ಜನ ಕಾಯಿಲೆ ಮುಚ್ಚಿಟ್ಟು ಮನೆಯಲ್ಲಿ ಕೂರುತ್ತಾರೆ ಅಂತ ಎಲ್ಲರ ನಂಬಿಕೆ. ಕಂಡದ್ದೇ ಬೇರೆ. ಟಿಬಿ ಇದ್ದವರಲ್ಲಿ ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಇದನ್ನು ಓದಿದಾಗ ನನಗೆ ಆಲೆಮನೆಯವರ ಕೈಯಲ್ಲಿದ್ದ ಸಿರಪ್ ಬಾಟಲಿಯೇ ಕಣ್ಣೆದುರು ಬಂತು.

ಆಮೇಲೆ ಟ್ರೂನ್ಯಾಟ್ ಬಂತು. ಗೋವಾದ ಕಂಪನಿಯ ಮೆಷಿನ್, ಬ್ಯಾಟರಿಯಲ್ಲೂ ನಡೆಯುತ್ತದೆ, ಕರೆಂಟ್ ಹೋದರೂ ನಿಲ್ಲುವುದಿಲ್ಲ. ರೋಗಾಣುವನ್ನಲ್ಲ, ಅದರ ಡಿಎನ್‌ಎ ಹುಡುಕುತ್ತದೆ. ಒಂದು ಮಿಲಿಲೀಟರ್‌ಗೆ 100ರ ಆಸುಪಾಸು ಇದ್ದರೂ ಹಿಡಿಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ಟಿಬಿ ಇದೆಯೋ ಇಲ್ಲವೋ ಗೊತ್ತು. ಇದ್ದರೆ ಇನ್ನೊಂದು ಚಿಪ್ ಹಾಕಿ ರಿಫಾಂಪಿಸಿನ್ ಅನ್ನುವ ಟಿಬಿ ಮಾತ್ರೆ ನಾಟುತ್ತದೋ ಇಲ್ಲವೋ ನೋಡಬಹುದು. ಹಿಂದೆ ಇದಕ್ಕೆ ಕಲ್ಚರ್ ಹಾಕಿ, ಅಂದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ, ವಾರಗಟ್ಟಲೆ ಕಾಯಬೇಕಿತ್ತು. 2020ರಲ್ಲಿ ಇದೇ ಮೆಷಿನ್‌ಗಳನ್ನು ಕೋವಿಡ್‌ಗೂ ಬಳಸಿದರು. ಆ ವರ್ಷ ಕೆಮ್ಮಿದರೆ ಎಲ್ಲರಿಗೂ ಕೋವಿಡ್ ಒಂದೇ ಕಾಣುತ್ತಿತ್ತು. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಟಿಬಿ ರೋಗಿಗಳು ದಾಖಲಾಗಿದ್ದರು. 2020ರಲ್ಲಿ ಅದು 18 ಲಕ್ಷಕ್ಕೆ ಇಳಿಯಿತು. ಕಾಯಿಲೆ ಕಡಿಮೆಯಾಗಿ ಅಲ್ಲ, ಹುಡುಕುವವರು ಇಲ್ಲದೆ.

ಮೆಷಿನ್ ಬಂದ ಮೇಲೆ ಹೊಂಗೆ ಮರದ ಕೆಳಗಿನ ನನ್ನ ನಾಟಕ ಇನ್ಯಾಕೆ ಅಂತ ಕೆಲವರು ಅಂದರು. ಎಂಜಲು ಹಾಕಿದರೆ ಮೆಷಿನ್‌ಗೂ ಸಿಗುವುದು ಎಂಜಲೇ. ನೂರಾದರೂ ಇರಬೇಕಲ್ಲ, ಒಂದೂ ಇಲ್ಲದಿದ್ದರೆ ಅದೇನು ಮಾಡೀತು? ಜೊತೆಗೆ ಅದು ಸತ್ತ ರೋಗಾಣುವಿನ ಡಿಎನ್‌ಎಯನ್ನೂ ತೋರಿಸುತ್ತದೆ. ಹಾಗಾಗಿ ಮಾತ್ರೆ ಶುರುವಾದ ಮೇಲೆ ಗುಣ ನೋಡಲು ಹಳೇ ಸ್ಲೈಡೇ ಬೇಕು. ನನಗೆ ಒಳಗೊಳಗೇ ಖುಷಿ.

ಇಷ್ಟೆಲ್ಲ ಮಾಡಿ ಎಷ್ಟು ಜನ ಹೆಚ್ಚಿಗೆ ಸಿಕ್ಕರು ಅಂತ ಕೇಳಿದರೆ ನಾನು ಲೆಕ್ಕ ಕೊಡಲಾರೆ. ರಿಜಿಸ್ಟರ್‌ನಲ್ಲಿ 'ಎಸ್' ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತದೆ. ಪಾಸಿಟಿವ್ ಹೆಚ್ಚಾದದ್ದಕ್ಕೆ ನನ್ನ ಮಾತು ಎಷ್ಟು ಕಾರಣ, ಮೆಷಿನ್ ಎಷ್ಟು ಕಾರಣ ಬೇರ್ಪಡಿಸಲು ಆಗುವುದಿಲ್ಲ. ರಾವಲ್ಪಿಂಡಿಯವರು ಎರಡು ಪಾಲು ಮಾಡಿ ನೋಡಿದ್ದು ಇದಕ್ಕೇ.

ಆಲೆಮನೆಯವರ ಮೊಮ್ಮಗನಿಗೆ ಕಾಯಿಲೆ ಇರಲಿಲ್ಲ. ಅಷ್ಟು ಚಿಕ್ಕ ಮಕ್ಕಳಿಗೆ ಕಫ ಉಗಿಯಲು ಬರುವುದಿಲ್ಲ, ನುಂಗುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಯಿಂದ ತೆಗೆಯಬೇಕು. ಅದು ಜಿಲ್ಲಾ ಕೇಂದ್ರದಲ್ಲಿ ಆಯಿತು. ಆ ಮಗು ಅತ್ತದ್ದನ್ನು ಅಜ್ಜಿ ನನಗೆ ಮೂರು ಸಲ ಹೇಳಿದರು. ನಾನು ಮೂರು ಸಲವೂ ಕೇಳಿದೆ. ಮುಂದೆ ಬರದಿರಲಿ ಅಂತ ಮಗುವಿಗೆ ಆರು ತಿಂಗಳು ಮಾತ್ರೆ ಕೊಟ್ಟರು.

ಅವರದೂ ಆರು ತಿಂಗಳ ಚಿಕಿತ್ಸೆ ಮುಗಿಯಿತು. ಕೊನೆಯ ಪರೀಕ್ಷೆಗೆ ಬಂದಾಗ ಗುರುತೇ ಸಿಗಲಿಲ್ಲ, ಕೆನ್ನೆ ತುಂಬಿಕೊಂಡಿದ್ದವು. ಡಬ್ಬಿ ಕೊಟ್ಟು ಮರದ ಕೆಳಗೆ ಕಳಿಸಿದೆ. ಅಲ್ಲಿ ಕಾಯುತ್ತಿದ್ದ ಹುಡುಗಿಗೆ ಉಸಿರು ಎಳೆಯುವುದನ್ನು ಅವರೇ ಹೇಳಿಕೊಡುತ್ತಿದ್ದರು, ಎದೆ ಬುಡದಿಂದ ಕಣವ್ವ ಅಂತ. ಬಹಳ ಹೊತ್ತಾದ ಮೇಲೆ ಒಳಗೆ ಬಂದರು.

"ಎಷ್ಟ್ ಕೆಮ್ಮುದ್ರೂ ಏನೂ ಬರ್ದು ಕಣವ್ವ. ಇಷ್ಟೇ ಬಂದದ್ದು. ಬೈಬ್ಯಾಡ."

ಬೆಳಕಿಗೆ ಹಿಡಿದು ನೋಡಿದೆ. ತಿಳಿ ನೀರು, ಮೇಲೆ ಒಂದಿಷ್ಟು ನೊರೆ. ಕಾಲಂನಲ್ಲಿ 'ಎಸ್' ಅಂತ ಬರೆದು, ಕಡ್ಡಿ ತಗೊಂಡು ಸ್ಲೈಡ್ ಮಾಡಲು ಕೂತೆ.