ಸ್ಕಾಟ್ಲೆಂಡಿನ ಮುತ್ತಾತನನ್ನು ಹುಡುಕುವುದು ಹೇಗೆ: ಅಜ್ಜಿಯ ತವರಿನ ಹೆಸರು ಹಿಡಿದು ಹೊರಡಿ

ಕೆ.ಜಿ.ಎಫ್.ನಲ್ಲಿ ಬೆಳೆದ ನನ್ನ ಗೆಳತಿಯ ಮನೆಯಲ್ಲಿ ಒಂದು ತುಕ್ಕು ಹಿಡಿದ ಬಿಸ್ಕತ್ ಡಬ್ಬಿ ಇದೆ. ಅದರೊಳಗೆ ಅವಳ ಮುತ್ತಾತನ ಮದುವೆ ಸರ್ಟಿಫಿಕೇಟ್. ವರ್ಷ 1898, ವರನ ವಯಸ್ಸು 27, ಕೆಲಸ ಫಿಟ್ಟರ್, ಅಪ್ಪನ ಹೆಸರು. ಅಷ್ಟೇ. ಊರು ಸ್ಕಾಟ್ಲೆಂಡಿನ ದಂಡೀ (Dundee) ಅಂತ ಮನೆಯವರ ಬಾಯಲ್ಲಿ ಉಳಿದಿತ್ತು. ಇಷ್ಟು ಇಟ್ಟುಕೊಂಡು ನಾವಿಬ್ಬರೂ ಮೂರು ತಿಂಗಳು ಭಾನುವಾರ ಭಾನುವಾರ ಕೂತು ಹುಡುಕಿದೆವು. ನಿಮ್ಮ ಮನೆಯಲ್ಲೂ, ನಿಮ್ಮ ಸ್ನೇಹಿತರ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ನಾವು ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಖುಷಿಯ ವಿಷಯ. ಹುಡುಕುವವರಿಗೆ ಇಂಗ್ಲೆಂಡಿಗಿಂತ ಸ್ಕಾಟ್ಲೆಂಡ್ ವಾಸಿ. ಅಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಇಂಗ್ಲೆಂಡಿನಲ್ಲಿ ಅದಕ್ಕೂ ಮುಂಚೆ, 1837ರಲ್ಲೇ ಆಗಿತ್ತು. ಆದರೆ ತಡವಾಗಿ ಶುರು ಮಾಡಿದವರು ಚೆನ್ನಾಗಿ ಮಾಡಿದರು. ಮರಣದ ದಾಖಲೆಯಲ್ಲಿ ಸತ್ತವರ ಅಪ್ಪ ಅಮ್ಮ ಇಬ್ಬರ ಹೆಸರೂ ಇರುತ್ತದೆ, ಅಮ್ಮನ ತವರಿನ ಹೆಸರಿನ (ಮದುವೆಗೆ ಮೊದಲಿನ ಮನೆತನದ ಹೆಸರಿನ) ಸಮೇತ. ಮದುವೆ ದಾಖಲೆಯಲ್ಲಿ ಎರಡೂ ಕಡೆಯ ಅಪ್ಪ ಅಮ್ಮಂದಿರು ಇರುತ್ತಾರೆ. 1861ರಿಂದಾಚೆಗೆ ಮಗುವಿನ ಜನನ ದಾಖಲೆಯಲ್ಲಿ ಅದರ ತಂದೆ ತಾಯಿ ಎಲ್ಲಿ, ಯಾವತ್ತು ಮದುವೆಯಾದರು ಅಂತಲೂ ಬರೆದಿರುತ್ತಾರೆ. ಅಂದರೆ ಒಂದು ಸರಿಯಾದ ಜನನ ಪುಟ ಸಿಕ್ಕರೆ ಮದುವೆ ಪುಟಕ್ಕೆ ದಾರಿ, ಮದುವೆ ಪುಟ ಸಿಕ್ಕರೆ ನಾಲ್ಕು ಜನ ಅಜ್ಜ ಅಜ್ಜಿಯರು ಒಟ್ಟಿಗೆ ಕೈಗೆ ಬಂದ ಹಾಗೆ.

ಇವೆಲ್ಲ ಇರುವುದು ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ. ಖಾತೆ ತೆರೆಯುವುದಕ್ಕೆ, ಹೆಸರು ಹಾಕಿ ಹುಡುಕುವುದಕ್ಕೆ ದುಡ್ಡಿಲ್ಲ. ಮೂಲ ಪುಟದ ಚಿತ್ರ ನೋಡಬೇಕು ಅಂದಾಗ ಮೊದಲೇ ದುಡ್ಡು ಕೊಟ್ಟು ಕೊಂಡ ಕ್ರೆಡಿಟ್ ಖರ್ಚಾಗುತ್ತದೆ. ನಾವು ನೋಡಿದಾಗ ಒಂದು ಪುಟಕ್ಕೆ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್. ಕಮ್ಮಿ ಅನ್ನಿಸುತ್ತದೆ ಅಲ್ವಾ? ದಂಡೀ ಊರಲ್ಲಿ ಒಂದೇ ಹೆಸರಿನ ಎಷ್ಟು ಹುಡುಗರು ಹುಟ್ಟಿದ್ದರು ಅಂತ ಗೊತ್ತಾಗುವ ತನಕ ನನಗೂ ಹಾಗೇ ಅನ್ನಿಸಿತ್ತು. ಮೊದಲ ದಿನವೇ ಸುಮ್ನೆ ಅವಸರ ಮಾಡಿ ಐದು ತಪ್ಪು ಜೇಮ್ಸ್‌ಗಳನ್ನು ಕೊಂಡೆ. ಒಬ್ಬನಂತೂ ಎರಡು ವರ್ಷದ ಮಗುವಾಗಿದ್ದಾಗಲೇ ತೀರಿಕೊಂಡಿದ್ದ.

ಹಾಗಾಗಿ ದುಡ್ಡು ಕೊಡುವ ಮೊದಲು ಫ್ಯಾಮಿಲಿಸರ್ಚ್ ಅನ್ನುವ ಇನ್ನೊಂದು ಜಾಲತಾಣ ನೋಡಿ. ಅದು ಪೂರ್ತಿ ಉಚಿತ. 1855ರಿಂದ 1875ರ ವರೆಗಿನ ಸ್ಕಾಟಿಷ್ ಜನನಗಳ ಪಟ್ಟಿ ಅಲ್ಲಿ ತಂದೆ ತಾಯಿಯ ಹೆಸರಿನೊಂದಿಗೇ ಸಿಗುತ್ತದೆ. ನಮ್ಮ ಮುತ್ತಾತ ಹುಟ್ಟಿದ್ದು 1871ರ ಆಸುಪಾಸು, ಅದೃಷ್ಟಕ್ಕೆ ಆ ವರ್ಷಗಳೊಳಗೇ ಬಂದ. ಆದರೂ ಅದೇ ಹೆಸರು, ಅದೇ ಅಪ್ಪನ ಹೆಸರು ಇರುವವರು ನಾಲ್ಕು ಜನ ಉಳಿದರು. ಅಮ್ಮನ ಹೆಸರು ಗೊತ್ತಿಲ್ಲ. ಈಗೇನು ಮಾಡುವುದು?

ಇಲ್ಲಿ ಕೆಲಸಕ್ಕೆ ಬಂದದ್ದು ಹೆಸರಿಡುವ ಪದ್ಧತಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದಿಲ್ಲವೇ, ಹಳೇ ಸ್ಕಾಟ್ಲೆಂಡಿನಲ್ಲಿ ಅದಕ್ಕೊಂದು ಲೆಕ್ಕವೇ ಇತ್ತು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಮೂರನೆಯವನಿಗೆ ಅಪ್ಪನದೇ. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಎಲ್ಲರೂ ಪಾಲಿಸುತ್ತಿರಲಿಲ್ಲ, ಇದನ್ನೇ ಸಾಕ್ಷಿ ಅಂದುಕೊಳ್ಳಬೇಡಿ, ಸುಳಿವು ಅಂದುಕೊಳ್ಳಿ. ಇನ್ನೊಂದು ರೂಢಿ ಇದಕ್ಕಿಂತ ಉಪಕಾರಿ. ಅಜ್ಜಿಯ ತವರಿನ ಹೆಸರನ್ನು ಮಗುವಿಗೆ ನಡುವಿನ ಹೆಸರಾಗಿ ಇಡುವುದು. ಗೆಳತಿಯ ತಾತನ ನಡುವಿನ ಹೆಸರು ಓಗಿಲ್ವಿ. ಯಾರೋ ದೊಡ್ಡ ಸಾಹೇಬರ ಹೆಸರಿಟ್ಟಿರಬೇಕು ಅಂತ ಮನೆಯವರೆಲ್ಲ ನಂಬಿದ್ದರು. ಫ್ಯಾಮಿಲಿಸರ್ಚ್‌ನ ಆ ನಾಲ್ಕು ಜನರಲ್ಲಿ ಒಬ್ಬನ ತಾಯಿಯ ಹೆಸರಿನ ಮುಂದೆ ಓಗಿಲ್ವಿ ಅಂತಿತ್ತು. ಆ ಒಂದೇ ಒಂದು ಪುಟಕ್ಕೆ ದುಡ್ಡು ಕೊಟ್ಟೆವು. ಅವನೇ. ಓಗಿಲ್ವಿ ಅನ್ನುವವಳು ಸಾಹೇಬರ ಮನೆಯವಳಲ್ಲ, ಸೆಣಬಿನ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸು. ಬಂಗಾಳದ ಸೆಣಬು ದಂಡೀಗೆ ಹೋಗುತ್ತಿತ್ತು, ಅವಳ ಮಗ ಇಂಡಿಯಾಕ್ಕೆ ಬಂದ.

ಹೆಸರುಗಳ ವಿಷಯದಲ್ಲಿ ಸ್ವಲ್ಪ ಸಡಿಲ ಇರಿ. ಜೆಸ್ಸಿ ಅಂತ ಕರೆಯುವವಳು ದಾಖಲೆಯಲ್ಲಿ ಜಾನೆಟ್ ಆಗಿರಬಹುದು. ಎಫಿ ಅಂದರೆ ಯುಫೀಮಿಯಾ. ಎಲ್ಸ್‌ಪೆತ್, ಎಲಿಜಬೆತ್ ಒಬ್ಬಳೇ ಇರಬಹುದು. ಪೀಟರ್ ಒಂದು ಕಡೆ ಪ್ಯಾಟ್ರಿಕ್ ಆಗುತ್ತಾನೆ, ಡೊನಾಲ್ಡ್ ಇನ್ನೊಂದು ಕಡೆ ಡೇನಿಯಲ್. ಮ್ಯಾಕ್ ಇರುವ ಮನೆತನಗಳನ್ನಂತೂ ಗುಮಾಸ್ತ ಹೇಗೆ ಬೇಕೋ ಹಾಗೆ ಬರೆದಿರುತ್ತಾನೆ. ಮನೆತನದ ಹೆಸರು ಸಿಕ್ಕ ತಕ್ಷಣ ಅದರ ಕ್ಲ್ಯಾನು (ಕುಲ), ಆ ಕುಲದ ಚೌಕಳಿ ಬಟ್ಟೆ ಅಂತ ಹೊರಡಬೇಡಿ. ಒಂದೇ ಹೆಸರಿದ್ದ ಮಾತ್ರಕ್ಕೆ ಒಂದೇ ರಕ್ತ ಅಂತಲ್ಲ, ಅದನ್ನು ಆ ಬಟ್ಟೆ ಮಾರುವ ಅಂಗಡಿಯವರು ಹೇಳುವುದಿಲ್ಲ.

1855ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚಿನ ಹಳೇ ದಫ್ತರಗಳೇ ಗತಿ. ಅತಿ ಹಳೆಯದು ಪರ್ತ್‌ಶೈರಿನ ಎರಲ್ ಊರಿನದು, 1553ರದ್ದು. ಹೆಚ್ಚಿನ ಊರುಗಳದ್ದು ಅಷ್ಟು ಹಿಂದೆ ಹೋಗುವುದಿಲ್ಲ, ನಡುನಡುವೆ ಖಾಲಿ ಬೇರೆ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಅಂತ ಬೇರೆಯಾಯಿತು, ಅಲ್ಲಿಗೆ ಹೋದವರ ಮಕ್ಕಳು ಹಳೇ ಚರ್ಚಿನ ದಫ್ತರದಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ. ಜನಗಣತಿ 1841ರಿಂದ 1921ರ ವರೆಗೆ ಹತ್ತು ವರ್ಷಕ್ಕೊಂದು ಸಿಗುತ್ತದೆ. 1841ರದರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, 34 ಇದ್ದವರು 30 ಆಗಿರುತ್ತಾರೆ.

ಇಲ್ಲಿಯವರೆಗೆ ಮೇಲೆ ಹತ್ತಿದ್ದಾಯಿತು. ಈಗ ಬದುಕಿರುವ ನೆಂಟರು ಬೇಕಾದರೆ ಪಕ್ಕಕ್ಕೆ ಸರಿದು ಕೆಳಗೆ ಇಳಿಯಬೇಕು. ಮುತ್ತಾತನ ಅಣ್ಣತಮ್ಮ ಅಕ್ಕತಂಗಿಯರು ಯಾರು ಅಂತ 1881ರ ಗಣತಿಯಲ್ಲಿ ನೋಡಿ. ಆಮೇಲೆ ಅವರ ಅಮ್ಮನ ಮರಣ ದಾಖಲೆ ತೆಗೆಯಿರಿ. ಎಲ್ಲರೂ ಅದರಲ್ಲಿ ಕಾಯಿಲೆ ಏನು ಅಂತ ಓದಿ ಮುಚ್ಚಿಬಿಡುತ್ತಾರೆ. ಬಲಗಡೆಯ ಅಂಕಣ ನೋಡಿ, ಸಾವಿನ ಸುದ್ದಿ ತಿಳಿಸಿದವರ ಸಹಿ ಅಲ್ಲಿರುತ್ತದೆ. ನಮ್ಮ ಪುಟದಲ್ಲಿ ಸಹಿ ಇರಲಿಲ್ಲ, ಒಂದು ಗುಣಿಸು ಗುರುತು ಇತ್ತು. ಪಕ್ಕದಲ್ಲಿ ಮಗಳು ಅಂತ ಬರೆದು, ಗಂಡನ ಮನೆಯ ಹೆಸರು ಸೇರಿಸಿದ್ದರು. ಆ ಮಗಳ ಮದುವೆಯಾದ ಹೆಸರು ನಮಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅವಳ ಮೊಮ್ಮಕ್ಕಳ ಕಡೆಯಿಂದಲೇ ಮುಂದಿನ ದಾರಿ ತೆರೆಯಿತು.

ಕೆಳಗೆ ಇಳಿಯುತ್ತಾ ಒಂದು ಬೇಲಿ ಎದುರಾಗುತ್ತದೆ. ಜನನವಾಗಿ 100 ವರ್ಷ, ಮದುವೆಯಾಗಿ 75, ಸಾವಾಗಿ 50 ವರ್ಷ ಆಗದ ಪುಟಗಳ ಚಿತ್ರ ಮನೆಯಲ್ಲಿ ಕೂತು ನೋಡಲಾಗದು. ಎಡಿನ್‌ಬರೋದ ಸ್ಕಾಟ್ಲೆಂಡ್ಸ್‌ಪೀಪಲ್ ಕೇಂದ್ರಕ್ಕೇ ಹೋದರೆ ಇತ್ತೀಚಿನವನ್ನೂ ನೋಡಬಹುದು. ನಮ್ಮಂಥವರು ವಂಶವೃಕ್ಷ ಹಾಕುವ ಜಾಲತಾಣಗಳಾದ ಆನ್ಸೆಸ್ಟ್ರಿ ಅಥವಾ ಮೈಹೆರಿಟೇಜ್‌ನಲ್ಲಿ ಬೇರೆಯವರು ಹಾಕಿರುವ ವಂಶವೃಕ್ಷಗಳನ್ನು ನೋಡುವುದು ಸುಲಭ. ಅವನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಅಲ್ಲಿ ಜಾಸ್ತಿ ಜನ ಒಬ್ಬರದನ್ನು ಒಬ್ಬರು ನಕಲು ಹೊಡೆದವರೇ. ಡಿ.ಎನ್.ಎ. ಪರೀಕ್ಷೆ ಮಾಡಿಸುವುದಾದರೆ ಮನೆಯ ಹಿರಿಯರದ್ದು ಮಾಡಿಸಿ, ಅವರು ಒಂದು ತಲೆಮಾರು ಹತ್ತಿರ. ಮೂರನೇ ಸುತ್ತಿನ ಕಸಿನ್‌ಗಳಲ್ಲಿ (ಅಂದರೆ ಇಬ್ಬರ ಮುತ್ತಾತಂದಿರು ಅಣ್ಣತಮ್ಮಂದಿರಾಗಿದ್ದ ನೆಂಟರಲ್ಲಿ) ಹತ್ತರಲ್ಲಿ ಒಬ್ಬರಿಗೆ ಹೊಂದಾಣಿಕೆಯೇ ಕಾಣದೆ ಹೋಗಬಹುದು, ಅದಕ್ಕೆ ಗಾಬರಿ ಬೇಡ.

ನಿಮ್ಮವರು ಇರುವ ವೃಕ್ಷ ಸಿಕ್ಕರೆ, ಅದನ್ನು ಹಾಕಿದವರಿಗೆ ಬರೆಯುವ ಮೊದಲ ಸಂದೇಶ ಚಿಕ್ಕದಿರಲಿ. ಗೆಳತಿ ಬರೆದ ಮೊದಲ ಪ್ರತಿ ಎರಡು ಪುಟ ಇತ್ತು, ಕೆ.ಜಿ.ಎಫ್.ನ ಇತಿಹಾಸವೆಲ್ಲ ಅದರಲ್ಲಿತ್ತು. ನಾನು ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಇಷ್ಟು: “ನಿಮ್ಮ ವೃಕ್ಷದಲ್ಲಿರುವ ಇಂಥವರು ನನ್ನ ಮುತ್ತಾತನ ಅಕ್ಕ. ಅವರಿಬ್ಬರೂ ದಂಡೀಯಲ್ಲಿ ಹುಟ್ಟಿದವರು, ಅವರ ಅಮ್ಮ ಓಗಿಲ್ವಿ ಮನೆತನದವರು. ಮುತ್ತಾತ ಇಂಡಿಯಾಕ್ಕೆ ಬಂದು ಇಲ್ಲೇ ಉಳಿದರು. ಅವರ ಫೋಟೋ ನನ್ನ ಹತ್ತಿರ ಇದೆ, ಕಳಿಸಲೇ?” ಬದುಕಿರುವವರ ಹೆಸರು, ವಿಳಾಸ, ಹುಟ್ಟಿದ ದಿನ ಮೊದಲ ಪತ್ರದಲ್ಲಿ ಕೇಳಬೇಡಿ. ನೀವೂ ಕೊಡಬೇಡಿ. ಕೇಳುವುದಕ್ಕಿಂತ ಮೊದಲು ಕೊಡಲು ಏನಾದರೂ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ, ಆಮೇಲೆ ಬಿಟ್ಟುಬಿಡಿ.

ನಮಗೆ ಹನ್ನೊಂದನೇ ವಾರ ಉತ್ತರ ಬಂತು. ಬರೆದವರು ಎಂಬತ್ತು ದಾಟಿದ ಅಜ್ಜಿ. ಆ ತಮ್ಮ ಹಡಗು ಮುಳುಗಿ ಸತ್ತ ಅಂತ ಅವರ ಮನೆಯಲ್ಲಿ ಹೇಳುತ್ತಿದ್ದರಂತೆ. ಫೋಟೋ ನೋಡಿ, ಸಮಾಧಿ ಎಲ್ಲಿದೆ, ಕಲ್ಲಿನ ಮೇಲೆ ಏನು ಬರೆದಿದೆ ಅಂತ ಕೇಳಿದರು. ಅದನ್ನು ಮಾತ್ರ ನಾವು ನೋಡಿಯೇ ಇರಲಿಲ್ಲ. ಮುಂದಿನ ಭಾನುವಾರ ಗೆಳತಿ ಒಂದು ಬಕೆಟ್, ತೆಂಗಿನ ನಾರು ಹಿಡಿದು ಕೆ.ಜಿ.ಎಫ್.ಗೆ ಹೋದಳು. ಹಳೇ ಕಲ್ಲಿಗೆ ಆಸಿಡ್, ಸೋಪು ಹಾಕಬೇಡ, ಬರೀ ನೀರು ಸಾಕು ಅಂತ ನಾನು ಫೋನಿನಲ್ಲೇ ಹೇಳಿದೆ.