ಕೊಲಿಸ್ಟಿನ್ ಒಂದೇ ಉಳಿದಾಗ

ಐಸಿಯುನಲ್ಲಿ ಕಲ್ಚರ್ ರಿಪೋರ್ಟ್ (ಯಾವ ಬ್ಯಾಕ್ಟೀರಿಯಾ ಬೆಳೆದಿದೆ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವ ಲ್ಯಾಬ್ ವರದಿ) ಬಂದರೆ ನಾನು ಮೊದಲು ರೋಗಿಯನ್ನು ನೋಡುತ್ತೇನೆ, ಆಮೇಲೆ ಕಾಗದವನ್ನು. ವೆಂಟಿಲೇಟರ್ ಮೇಲಿದ್ದ ಒಬ್ಬ ರೋಗಿಯ ಕಫದಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ರಿಪೋರ್ಟಿನಲ್ಲಿ ಪ್ರಬಲ ಆಂಟಿಬಯಾಟಿಕ್ ಮೆರೊಪೆನೆಮ್ ಸೇರಿ ಸಾಲು ಸಾಲು ‘ಆರ್’, ಅಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬಗ್ಗದು. ಆದರೆ ಟ್ಯೂಬ್ ಇರುವ ಶ್ವಾಸನಾಳದಲ್ಲಿ ಈ ಬ್ಯಾಕ್ಟೀರಿಯಾ ರೋಗ ತರದೆ ಸುಮ್ನೆ ಠಿಕಾಣಿ ಹೂಡುವುದೂ ಉಂಟು. ಆಗ ಔಷಧಿ ಕೊಟ್ಟರೆ ರೋಗಿಗೆ ಲಾಭವಿಲ್ಲ, ರೆಸಿಸ್ಟೆನ್ಸ್ ಮಾತ್ರ ಜಾಸ್ತಿಯಾಗುತ್ತದೆ. ಇವರಿಗೆ ಜ್ವರ ಬಂದಿತ್ತು, ಎಕ್ಸ್‌ರೇಯಲ್ಲಿ ಹೊಸ ಮಚ್ಚೆ ಕಾಣಿಸಿತ್ತು, ಆಕ್ಸಿಜನ್ ಏರಿಸಬೇಕಾಗಿತ್ತು. ಚಿಕಿತ್ಸೆ ಬೇಕೇ ಬೇಕಿತ್ತು.

ರಿಪೋರ್ಟ್ ಪ್ರಕಾರ ಉಳಿದದ್ದು ಕೊಲಿಸ್ಟಿನ್. ಕಿಡ್ನಿಗೆ ಏಟು ಕೊಡುತ್ತದೆಂದು 1970ರ ದಶಕದಲ್ಲಿ ವೈದ್ಯರು ಬದಿಗಿಟ್ಟಿದ್ದ ಹಳೆಯ ಔಷಧಿ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಔಷಧಿಯ ಬಿಲ್ಲೆ ಇಟ್ಟು ನೋಡುವ ಡಿಸ್ಕ್ ಪರೀಕ್ಷೆಯನ್ನು ಇದಕ್ಕೆ ನಂಬುವ ಹಾಗಿಲ್ಲ. ದೊಡ್ಡ ಅಣು, ತಟ್ಟೆಯಲ್ಲಿರುವ ಜೆಲ್ಲಿಯಂಥ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಹಾಗಾಗಿ ಲ್ಯಾಬಿನವರಿಂದ ಬ್ರಾತ್ ಮೈಕ್ರೋಡೈಲ್ಯೂಷನ್ (ದ್ರವದಲ್ಲಿ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡುವ ಪರೀಕ್ಷೆ) ಮಾಡಿಸಿದೆ. ಕೊಲಿಸ್ಟಿನ್ ಜೊತೆಗೆ ಆಂಪಿಸಿಲಿನ್-ಸಲ್ಬ್ಯಾಕ್ಟಮ್ ಎಂಬ ಜೋಡಿ ಔಷಧಿಯನ್ನೂ ಹೆಚ್ಚಿನ ಡೋಸ್‌ನಲ್ಲಿ ಶುರು ಮಾಡಿದೆ. ಸಲ್ಬ್ಯಾಕ್ಟಮ್ ಸಾಮಾನ್ಯವಾಗಿ ಬೇರೆ ಔಷಧಿಗೆ ಬೆಂಬಲ ಕೊಡುವಂಥದ್ದು, ಆದರೆ ಅಸಿನೆಟೊಬ್ಯಾಕ್ಟರ್ ಮೇಲೆ ಅದು ತಾನೇ ಕೆಲಸ ಮಾಡುತ್ತದೆ. ರಿಪೋರ್ಟಿನಲ್ಲಿ ‘ಆರ್’ ಇದ್ದರೂ ಹೆಚ್ಚಿನ ಡೋಸಿಗೆ ಬಗ್ಗುವುದುಂಟು. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ದಿನವೂ ನೋಡುತ್ತಿದ್ದೆ. ಅದು ಏರತೊಡಗಿದಾಗ ಕೊಲಿಸ್ಟಿನ್ ಡೋಸ್ ಇಳಿಸಿದೆ.

ರೋಗಿಯ ಮಗ ಕೇಳಿದರು: “ಡಾಕ್ಟ್ರೇ, ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ ಇದೆಯಂತಲ್ಲ, ಅದನ್ನು ಕೊಡೋಕಾಗಲ್ವಾ?”

ಒಳ್ಳೆಯ ಪ್ರಶ್ನೆ, ಅಲ್ವಾ? ಆ ವೈರಸ್‌ಗಳಿಗೆ ಫೇಜ್ ಎನ್ನುತ್ತಾರೆ. ಫೇಜ್ ಚಿಕಿತ್ಸೆ ಹೊಸದೇನಲ್ಲ, ಶತಮಾನದ ಹಿಂದೆಯೇ ಶುರುವಾದದ್ದು. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಟಾಮ್ ಪ್ಯಾಟರ್ಸನ್ ಎಂಬ ರೋಗಿಯನ್ನು ಇದೇ ಬ್ಯಾಕ್ಟೀರಿಯಾದಿಂದ ಉಳಿಸುವಲ್ಲಿ ಫೇಜ್‌ಗಳ ಪಾಲಿತ್ತು. ಆದರೆ ಒಂದು ಫೇಜ್ ಕೆಲವೇ ತಳಿಗಳನ್ನು ಹಿಡಿಯುತ್ತದೆ. ಬೀಗಕ್ಕೆ ತಕ್ಕ ಕೀಲಿ ಹುಡುಕಿದ ಹಾಗೆ ರೋಗಿಯ ತಳಿಗೆ ಹೊಂದುವುದನ್ನು ಹುಡುಕಿ, ಶುದ್ಧ ಮಾಡಿ ಕೊಡಬೇಕು. ಬ್ಯಾಕ್ಟೀರಿಯಾ ಫೇಜ್‌ಗೂ ರೆಸಿಸ್ಟೆನ್ಸ್ ಬೆಳೆಸಿಕೊಳ್ಳುತ್ತದೆ. ಪ್ಯಾಟರ್ಸನ್ ಅವರಿಗೂ ಆಂಟಿಬಯಾಟಿಕ್ ಜೊತೆಗೇ ಕೊಟ್ಟದ್ದು. ಇದನ್ನೆಲ್ಲ ರೋಗಿಯ ಮಗನಿಗೆ ಕೂತು ವಿವರಿಸಿದೆ. ಮುಂದೆ ಬೇಕಾದರೆ ಇರಲಿ ಎಂದು ನಮ್ಮ ರೋಗಿಯ ಬ್ಯಾಕ್ಟೀರಿಯಾ ತಳಿಯನ್ನು ಫ್ರೀಜರ್‌ನಲ್ಲಿ ಇಡಿಸಿದೆ. ಅದಿಲ್ಲದೆ ಫೇಜ್ ಹುಡುಕಾಟ ಶುರುವೇ ಆಗುವುದಿಲ್ಲ.

ಇಷ್ಟೆಲ್ಲದರ ನಡುವೆ ನಾನು ಜಾಸ್ತಿ ನೆಚ್ಚಿದ್ದು ಟ್ಯೂಬ್ ತೆಗೆಸುವುದನ್ನು. ನಳಿಕೆಗೆ ಅಂಟಿದ ಬಯೋಫಿಲ್ಮ್ (ಬ್ಯಾಕ್ಟೀರಿಯಾದ ಅಂಟು ಪದರ) ಒಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ನಿದ್ದೆ ಬರಿಸುವ ಔಷಧಿ ಕಡಿಮೆ ಮಾಡಿ, ದಿನವೂ ಸ್ವಂತ ಉಸಿರಾಟ ಪರೀಕ್ಷಿಸಿದೆವು. ಜ್ವರ ಇಳಿಯಿತು, ಟ್ಯೂಬ್ ತೆಗೆದೆವು, ಫೇಜ್ ಬೇಕಾಗಲಿಲ್ಲ.

ಅಸಿನೆಟೊಬ್ಯಾಕ್ಟರ್ ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಅವರು ವಾರ್ಡಿಗೆ ಹೋದ ಮೇಲೆ ಮಂಚದ ಕಂಬಿ, ವೆಂಟಿಲೇಟರ್ ಗುಂಡಿ, ಮಾನಿಟರ್ ವಯರ್ ಎಲ್ಲವನ್ನೂ ನಾನೇ ನಿಂತು ಒರೆಸಿಸಿದೆ. ಆಮೇಲೆಯೇ ಆ ಮಂಚಕ್ಕೆ ಮುಂದಿನ ರೋಗಿಯನ್ನು ತರಿಸಿದೆ.